ಕುವೈತ್: ಸಂಸತ್ತಿಗೆ ಬೀಗ, ಬೊಕ್ಕಸಕ್ಕೆ ಸಾಲ

2024ರ ಜೂನ್ ತಿಂಗಳಲ್ಲಿ, ಉಷ್ಣಾಂಶ 50 ಡಿಗ್ರಿಯ ಆಸುಪಾಸಿನಲ್ಲಿದ್ದಾಗ, ಕುವೈತ್ ಸರ್ಕಾರವು ದೇಶದ ಕೆಲವು ಭಾಗಗಳಲ್ಲಿ ಸರದಿಯಂತೆ ವಿದ್ಯುತ್ ಕಡಿತ ಮಾಡುವುದಾಗಿ ಪ್ರಕಟಿಸಿತು. ನೆಲದಡಿಯಲ್ಲಿ ಸುಮಾರು ಹತ್ತು ಸಾವಿರ ಕೋಟಿ ಬ್ಯಾರೆಲ್ ತೈಲ ಇರುವ, ಜಗತ್ತಿನ ಎರಡನೆಯ ಅತಿದೊಡ್ಡ ತೈಲಕ್ಷೇತ್ರವೆನಿಸಿದ ಬುರ್ಗಾನ್ ಅನ್ನು ಹೊಂದಿರುವ, ವಿದೇಶಗಳಲ್ಲಿ ಸುಮಾರು ಒಂದು ಲಕ್ಷ ಕೋಟಿ ಡಾಲರ್ ಹೂಡಿಕೆ ಮಾಡಿದೆ ಎಂದು ಅಂದಾಜಿಸಲಾಗುವ ದೇಶವೊಂದು ತನ್ನ ಪ್ರಜೆಗಳ ಹವಾನಿಯಂತ್ರಕಗಳಿಗೆ ಬೇಕಾದಷ್ಟು ವಿದ್ಯುತ್ತನ್ನು ಉತ್ಪಾದಿಸಲಾರದೆ ಹೋದದ್ದು ಹಣದ ಕೊರತೆಯಿಂದಲ್ಲ. ಸ್ಥಾವರಗಳನ್ನು ಕಟ್ಟುವ ನಿರ್ಧಾರಗಳು ವರ್ಷಗಟ್ಟಲೆ ಮುಂದೆ ಹೋಗಿದ್ದವು. ಕುವೈತಿ ಪ್ರಜೆಯ ಮನೆಗೆ ವಿದ್ಯುತ್ತಿನ ದರವಾದರೂ 1966ರಿಂದ ಯೂನಿಟ್‌ಗೆ 2 ಫಿಲ್ಸ್, ಅಂದರೆ ನಮ್ಮ ಸುಮಾರು ಐವತ್ತು ಪೈಸೆ. ಉತ್ಪಾದನಾ ವೆಚ್ಚ ಅದರ ಹಲವು ಪಟ್ಟು. ಈ ದರವನ್ನು ಏರಿಸುವ ಧೈರ್ಯ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಯಾವ ಸರ್ಕಾರಕ್ಕೂ ಬರಲಿಲ್ಲ.

ಈ ಕಡಿತಕ್ಕೆ ಒಂದು ತಿಂಗಳಿಗಿಂತ ಸ್ವಲ್ಪ ಮುಂಚೆ, ಮೇ 10ರಂದು, ಅಮೀರ್ ಶೇಖ್ ಮಿಶಾಲ್ ಅಲ್-ಅಹ್ಮದ್ ಅಲ್-ಜಾಬರ್ ಅಲ್-ಸಬಾಹ್ ಅವರು ಸಂಸತ್ತನ್ನು ವಿಸರ್ಜಿಸಿ, ಸಂವಿಧಾನದ ಕೆಲವು ವಿಧಿಗಳನ್ನು ನಾಲ್ಕು ವರ್ಷ ಮೀರದ ಅವಧಿಗೆ ಅಮಾನತಿನಲ್ಲಿಟ್ಟಿದ್ದರು. ಹಾಗೆ ಅಮಾನತಾದವುಗಳಲ್ಲಿ, ಸಂಸತ್ತು ವಿಸರ್ಜನೆಯಾದರೆ ಎರಡು ತಿಂಗಳೊಳಗೆ ಚುನಾವಣೆ ನಡೆಯಲೇಬೇಕು ಎನ್ನುವ 107ನೇ ವಿಧಿಯೂ ಸೇರಿತ್ತು. ಶಾಸನಾಧಿಕಾರವೆಲ್ಲ ಅಮೀರ್ ಮತ್ತು ಅವರ ಮಂತ್ರಿಮಂಡಲದ ಕೈಗೆ ಬಂತು. ಈ ಕ್ರಮದ ಸಮರ್ಥನೆಗಾಗಿ ಹೇಳಲಾದ ಮಾತಿನ ಸಾರ ಇಷ್ಟು: ಸಂಸತ್ತಿನ ಕಿತ್ತಾಟದಿಂದ ದೇಶ ಹಿಂದೆ ಬಿದ್ದಿದೆ, ಅದನ್ನು ಬದಿಗಿಟ್ಟರೆ ಸುಧಾರಣೆ ಸಾಧ್ಯ. ಕೊಲ್ಲಿಯ ಬಗ್ಗೆ ಬರೆಯುವ ಅನೇಕರು ಇದನ್ನು ಒಪ್ಪಿಕೊಂಡಂತೆ ಕಾಣುತ್ತದೆ. ದುಬೈ, ದೋಹಾ, ರಿಯಾದ್‌ಗಳ ಗಗನಚುಂಬಿಗಳ ಪಕ್ಕದಲ್ಲಿ ಕುವೈತ್ ನಗರದ ಹಳೆಯ ರಸ್ತೆಗಳನ್ನು ಇಟ್ಟು ನೋಡಿದರೆ ಆ ವಾದ ಸುಲಭವಾಗಿ ಹಿಡಿಸುತ್ತದೆ. ಆದರೆ ಕುವೈತಿನ ಜಡತೆಗೆ ಸಂಸತ್ತು ಕಾರಣವೋ ಅಥವಾ ಬೇರೊಂದು ಕಾಯಿಲೆಯ ಲಕ್ಷಣವೋ ಎಂಬುದನ್ನು ಇತಿಹಾಸಕ್ಕೆ ಹೋಗದೆ ತೀರ್ಮಾನಿಸಲಾಗದು.

ಅಲ್-ಸಬಾಹ್ ಮನೆತನ ಹದಿನೆಂಟನೆಯ ಶತಮಾನದ ಮಧ್ಯಭಾಗದಿಂದ ಕುವೈತನ್ನು ಆಳುತ್ತಿದೆ. ತೈಲಕ್ಕೆ ಮುಂಚೆ ಈ ಬಂದರು ಪಟ್ಟಣ ಬದುಕಿದ್ದು ಮುತ್ತಿನಿಂದ ಮತ್ತು ಹಡಗಿನಿಂದ. ಬಸ್ರಾದ ಖರ್ಜೂರವನ್ನು ತುಂಬಿಕೊಂಡು ಕರಾಚಿ, ಮುಂಬೈ, ಮಲಬಾರ್ ಕರಾವಳಿಗೆ ಬರುತ್ತಿದ್ದ ಹಾಯಿಹಡಗುಗಳು ಮರಳುವಾಗ ಮರ, ಅಕ್ಕಿ, ಸಂಬಾರ ಪದಾರ್ಥಗಳನ್ನು ಒಯ್ಯುತ್ತಿದ್ದವು. 1961ರವರೆಗೂ ಅಲ್ಲಿ ಚಲಾವಣೆಯಲ್ಲಿದ್ದದ್ದು ರೂಪಾಯಿ. ವ್ಯಾಪಾರಿ ಕುಟುಂಬಗಳ ಕೈಯಲ್ಲಿ ಹಣವಿತ್ತು, ಶೇಖನ ಬಳಿ ಹೆಚ್ಚೇನೂ ಇರಲಿಲ್ಲ. ಸುಂಕ ಕೊಡುವವರು ಅವರೇ ಆದ್ದರಿಂದ ಅವರ ಮಾತನ್ನು ಕೇಳದೆ ಆಳುವುದು ಸಾಧ್ಯವಿರಲಿಲ್ಲ. 1938ರಲ್ಲಿ ವ್ಯಾಪಾರಿಗಳು ಚುನಾಯಿತ ಶಾಸನಸಭೆಯೊಂದನ್ನು ಒತ್ತಾಯದಿಂದ ಪಡೆದರು. ಕೆಲವೇ ತಿಂಗಳಲ್ಲಿ ಅದನ್ನು ಮುಚ್ಚಲಾಯಿತು. ಬುರ್ಗಾನಿನಲ್ಲಿ ತೈಲ ಸಿಕ್ಕಿದ್ದೂ ಅದೇ 1938ರಲ್ಲಿ ಎಂಬುದು ಕಾಕತಾಳೀಯವಾದರೂ ಅರ್ಥಪೂರ್ಣ. ಯುದ್ಧ ಮುಗಿದು 1946ರಲ್ಲಿ ಮೊದಲ ತೈಲ ರಫ್ತಾದ ಮೇಲೆ ಲೆಕ್ಕವೇ ತಿರುಗಿತು: ಕೊಡುವ ಕೈ ಶೇಖನದಾಯಿತು, ಬೇಡುವ ಕೈ ಪ್ರಜೆಗಳದಾಯಿತು.

ಹಾಗಿದ್ದೂ ಸಂಸತ್ತು ಹುಟ್ಟಿದ್ದು ಹೇಗೆ? 1961ರ ಜೂನ್ 19ರಂದು ಬ್ರಿಟಿಷ್ ರಕ್ಷಣೆ ಮುಗಿದು ಸ್ವಾತಂತ್ರ್ಯ ಬಂದ ಕೆಲವೇ ದಿನಗಳಲ್ಲಿ ಇರಾಕಿನ ಅಬ್ದುಲ್ ಕರೀಂ ಕಾಸಿಂ ಇಡೀ ಕುವೈತ್ ತನ್ನದೆಂದು ಘೋಷಿಸಿದ. ಅಂಥ ನೆರೆಯವನ ಎದುರು ನಿಲ್ಲಬೇಕಾದರೆ ಪ್ರಜೆಗಳ ಸಮ್ಮತಿಯೇ ರಾಜ್ಯದ ಅಸ್ತಿತ್ವಕ್ಕೆ ಆಧಾರ ಎಂದು ತೋರಿಸುವುದು ಅಂದಿನ ಅಮೀರ್ ಅಬ್ದುಲ್ಲಾ ಅಲ್-ಸಾಲಿಂ ಅವರಿಗೆ ಅಗತ್ಯವೆನಿಸಿತು. 1962ರ ಸಂವಿಧಾನ, 1963ರ ಮೊದಲ ಚುನಾವಣೆ ಆ ಹಿನ್ನೆಲೆಯಲ್ಲಿ ಬಂದವು. ಐವತ್ತು ಚುನಾಯಿತ ಸದಸ್ಯರು. ಮಂತ್ರಿಗಳನ್ನು ಅಮೀರ್ ನೇಮಿಸಿದ ಪ್ರಧಾನಿ ಆರಿಸುತ್ತಿದ್ದರು, ಅವರೂ ಸಂಸತ್ತಿನಲ್ಲಿ ಕೂತು ಮತ ಹಾಕುತ್ತಿದ್ದರು. ರಾಜಕೀಯ ಪಕ್ಷಗಳಿಗೆ ಕಾನೂನಿನ ಮನ್ನಣೆಯಿಲ್ಲ. ಆದರೆ ಯಾವುದೇ ಸದಸ್ಯ ಯಾವುದೇ ಮಂತ್ರಿಯನ್ನು, ಪ್ರಧಾನಿಯನ್ನೂ ಸೇರಿಸಿ, ಸದನದಲ್ಲಿ ನಿಲ್ಲಿಸಿ ಪ್ರಶ್ನಿಸಬಹುದಿತ್ತು. ‘ಇಸ್ತಿಜ್ವಾಬ್’ ಎನ್ನುವ ಈ ವಿಚಾರಣೆಯ ಅಸ್ತ್ರ ಕೊಲ್ಲಿಯ ಬೇರೆ ಯಾವ ರಾಜಪ್ರಭುತ್ವದಲ್ಲೂ ಇಷ್ಟು ಹರಿತವಾಗಿರಲಿಲ್ಲ. 2006ರ ಜನವರಿಯಲ್ಲಿ, ತೀವ್ರ ಅನಾರೋಗ್ಯದಲ್ಲಿದ್ದ ಹೊಸ ಅಮೀರ್ ಶೇಖ್ ಸಾದ್ ಅವರನ್ನು ಸಂಸತ್ತು ಮತ ಹಾಕಿ ಪದವಿಯಿಂದ ಇಳಿಸಿತು. ರಾಜನನ್ನು ಇಳಿಸುವ ಸಂಸತ್ತು ಅರಬ್ ಜಗತ್ತಿನಲ್ಲಿ ತೀರ ಅಪರೂಪ.

ಈ ಸಂಸತ್ತನ್ನು ಆದರ್ಶೀಕರಿಸುವ ಅಗತ್ಯವಿಲ್ಲ. 1999ರಲ್ಲಿ ಅಮೀರ್ ಅವರೇ ಹೆಣ್ಣುಮಕ್ಕಳಿಗೆ ಮತದಾನದ ಹಕ್ಕು ಕೊಟ್ಟು ಹೊರಡಿಸಿದ ಆಜ್ಞೆಯನ್ನು ಅಲ್ಪ ಅಂತರದಿಂದ ತಿರಸ್ಕರಿಸಿದ್ದು ಇದೇ ಸಂಸತ್ತು; ಆ ಹಕ್ಕು ಬರಲು 2005ರವರೆಗೆ ಕಾಯಬೇಕಾಯಿತು. ಉತ್ತರದ ತೈಲಕ್ಷೇತ್ರಗಳಿಗೆ ವಿದೇಶಿ ಕಂಪನಿಗಳನ್ನು ತರುವ ಯೋಜನೆ ವರ್ಷಗಟ್ಟಲೆ ಸದನದಲ್ಲಿ ಸಿಕ್ಕಿಬಿದ್ದಿತ್ತು. ಅಮೆರಿಕದ ಡೌ ಕೆಮಿಕಲ್ ಜೊತೆಗಿನ 1,740 ಕೋಟಿ ಡಾಲರ್‌ಗಳ ಜಂಟಿ ಉದ್ಯಮದ ಒಪ್ಪಂದವನ್ನು 2008ರ ಡಿಸೆಂಬರಿನಲ್ಲಿ, ಸದಸ್ಯರ ಒತ್ತಡಕ್ಕೆ ಹೆದರಿದ ಸರ್ಕಾರ ಕೊನೆಯ ಗಳಿಗೆಯಲ್ಲಿ ಕೈಬಿಟ್ಟಿತು. ಮಧ್ಯಸ್ಥಿಕೆ ನ್ಯಾಯಮಂಡಳಿಯಲ್ಲಿ ಸೋತು 2013ರಲ್ಲಿ ಸುಮಾರು 220 ಕೋಟಿ ಡಾಲರ್ ದಂಡ ತೆರಬೇಕಾಯಿತು. ಮಾರುಕಟ್ಟೆ ಕುಸಿಯುತ್ತಿದ್ದ ಹೊತ್ತಿನಲ್ಲಿ ಆ ಒಪ್ಪಂದ ಕುವೈತಿಗೆ ದುಬಾರಿ ಎಂದು ಸದಸ್ಯರು ಹೇಳಿದ್ದರಲ್ಲಿ ತಿರುಳಿತ್ತು ಎಂಬುದೂ ನಿಜ, ದಂಡದ ಮೊತ್ತ ಬಂದ ಮೇಲೆ ಯಾರೂ ಹೊಣೆ ಹೊರಲಿಲ್ಲ ಎಂಬುದೂ ನಿಜ.

ಆದರೆ ಹಣ ಹಂಚುವ ಚಟ ಸಂಸತ್ತಿನದು ಮಾತ್ರವೇ? 2011ರ ಆರಂಭದಲ್ಲಿ, ಟ್ಯುನೀಶಿಯಾ ಮತ್ತು ಈಜಿಪ್ಟ್‌ಗಳ ಬೀದಿಗಳು ಹೊತ್ತಿ ಉರಿಯುತ್ತಿದ್ದಾಗ, ಪ್ರತಿ ಕುವೈತಿಗೂ ತಲಾ 1,000 ದಿನಾರ್ ಮತ್ತು ಹದಿನಾಲ್ಕು ತಿಂಗಳ ಉಚಿತ ದಿನಸಿ ಘೋಷಿಸಿದ್ದು ಅಮೀರ್. 1982ರಲ್ಲಿ ಸೂಕ್ ಅಲ್-ಮನಾಖ್ ಎಂಬ ಅನಧಿಕೃತ ಷೇರುಪೇಟೆ, ಮುಂದಿನ ತಾರೀಖಿನ ಚೆಕ್ಕುಗಳ ಮೇಲೆ ಉಬ್ಬಿ, ಸುಮಾರು 9,400 ಕೋಟಿ ಡಾಲರ್ ಮೊತ್ತದ ಚೆಕ್ಕುಗಳನ್ನು ಬೀದಿಪಾಲು ಮಾಡಿ ಕುಸಿದಾಗ, ಸಾರ್ವಜನಿಕ ಹಣದಿಂದ ಅದರ ಗಾಯಕ್ಕೆ ಮುಲಾಮು ಹಚ್ಚಿದ್ದೂ ಸರ್ಕಾರವೇ. ಅದಲ್ಲದೆ ಆಳುವ ಮನೆತನದೊಳಗಿನ ಶೇಖರು ಮಂತ್ರಿಮಂಡಲದಲ್ಲಿದ್ದ ತಮ್ಮ ದಾಯಾದಿಗಳನ್ನು ಕೆಡವಲು ಸಂಸತ್ ಸದಸ್ಯರನ್ನು ಬಳಸಿಕೊಳ್ಳುತ್ತಿದ್ದರು ಎಂಬುದು ಕುವೈತಿನ ದಿವಾನಿಯಾಗಳಲ್ಲಿ, ಅಂದರೆ ಸಂಜೆಯ ಹೊತ್ತು ಗಂಡಸರು ಸೇರಿ ರಾಜಕೀಯ ಹರಟುವ ಮನೆಯಂಗಳದ ಕೋಣೆಗಳಲ್ಲಿ, ಎಲ್ಲರೂ ಬಲ್ಲ ಸಂಗತಿ. 2011ರ ನವೆಂಬರಿನಲ್ಲಿ, ಸದಸ್ಯರ ಬ್ಯಾಂಕ್ ಖಾತೆಗಳಿಗೆ ಹಣ ಸಂದಾಯವಾಗಿದೆಯೆಂಬ ಆರೋಪದ ನಡುವೆ, ಪ್ರತಿಭಟನಕಾರರು ಸಂಸತ್ ಭವನದೊಳಕ್ಕೇ ನುಗ್ಗಿದ್ದರು.

ಕುವೈತಿನ ಸಂಪತ್ತು ಒಂದು ಅವಿಭಕ್ತ ಕುಟುಂಬದ ಆಸ್ತಿಯಂತಿದೆ. ಆಸ್ತಿ ಹಿರಿಯರು ದುಡಿದು ಗಳಿಸಿದ್ದಲ್ಲ, ನೆಲದಿಂದ ಬಂದದ್ದು. ಬೇಸಾಯ ಮಾಡುವವರು ಹೊರಗಿನಿಂದ ಬಂದ ಆಳುಗಳು. ಮನೆಯೊಳಗಿನ ಜಗಳವೆಲ್ಲ ಯಾರಿಗೆ ಎಷ್ಟು ಎಂಬುದರ ಸುತ್ತ. ದುಡಿಯುವ ಕುವೈತಿಗಳಲ್ಲಿ ಬಹುಪಾಲು ಜನ ಸರ್ಕಾರಿ ನೌಕರಿಯಲ್ಲಿದ್ದಾರೆ, ವೈಯಕ್ತಿಕ ಆದಾಯ ತೆರಿಗೆ ಇಲ್ಲ. ಬಜೆಟ್ಟಿನ ವೆಚ್ಚದಲ್ಲಿ ಐದರಲ್ಲಿ ನಾಲ್ಕು ಪಾಲು ಸಂಬಳ ಮತ್ತು ಸಹಾಯಧನಕ್ಕೆ ಹೋಗುತ್ತದೆ. ಇಂಥ ವ್ಯವಸ್ಥೆಯಲ್ಲಿ ಸಂಸತ್ ಸದಸ್ಯ ತನ್ನ ಮತದಾರನಿಗೆ ಕೊಡಬಹುದಾದದ್ದು ಎರಡೇ: ಇನ್ನಷ್ಟು ಪಾಲು, ಇಲ್ಲವೇ ಪಾಲು ಕದ್ದವನ ವಿಚಾರಣೆ. ಅವನು ಎರಡನ್ನೂ ಮಾಡಿದ. ಮೊದಲನೆಯದರಿಂದ ಬೊಕ್ಕಸಕ್ಕೆ ಹೊರೆಯಾಯಿತು. ಎರಡನೆಯದರಿಂದ ದೇಶಕ್ಕೆ ಬಂದ ಲಾಭವನ್ನು ಈಗ ಸಂಸತ್ತನ್ನು ಬೈಯುವವರು ಮರೆಯುತ್ತಾರೆ. 1990ರ ಇರಾಕಿ ಆಕ್ರಮಣದ ಕಾಲದಲ್ಲಿ ವಿದೇಶಿ ಹೂಡಿಕೆಗಳಲ್ಲಿ, ಮುಖ್ಯವಾಗಿ ಸ್ಪೇನಿನಲ್ಲಿ, ಆದ ಭಾರಿ ನಷ್ಟ ಮತ್ತು ದುರುಪಯೋಗದ ಬೆನ್ನು ಹತ್ತಿ, ಸಾರ್ವಜನಿಕ ಹಣದ ರಕ್ಷಣೆಗೆಂದು 1993ರಲ್ಲಿ ಕಾನೂನು ತಂದದ್ದು ಸಂಸತ್ತೇ.

ಆ ಹೂಡಿಕೆಯ ಕಥೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಕುವೈತಿನ ದೂರದೃಷ್ಟಿ ಮತ್ತು ಕುರುಡು ಎರಡೂ ಅಲ್ಲಿವೆ. 1953ರಲ್ಲಿ, ಸ್ವಾತಂತ್ರ್ಯಕ್ಕೂ ಎಂಟು ವರ್ಷ ಮುಂಚೆ, ತೈಲದ ಹೆಚ್ಚುವರಿ ಹಣವನ್ನು ಹೂಡಲು ಲಂಡನ್ನಿನಲ್ಲಿ ಒಂದು ಮಂಡಳಿ ಸ್ಥಾಪನೆಯಾಯಿತು. ಸರ್ಕಾರಿ ಸಂಪತ್ತಿನ ನಿಧಿಗಳಲ್ಲಿ ಜಗತ್ತಿಗೇ ಇದು ಮೊದಲು. 1976ರಲ್ಲಿ ಮುಂದಿನ ಪೀಳಿಗೆಗಳ ನಿಧಿ ಎಂಬುದನ್ನು ಪ್ರತ್ಯೇಕಿಸಿ, ವರ್ಷದ ಆದಾಯದಲ್ಲಿ ಶೇ 10ನ್ನು ಕಡ್ಡಾಯವಾಗಿ ಅದಕ್ಕೆ ಸೇರಿಸುವ ನಿಯಮ ಮಾಡಲಾಯಿತು. ಅದರಿಂದ ಹಣ ತೆಗೆಯುವುದಕ್ಕೆ ಕಾನೂನಿನ ತಡೆ ಹಾಕಲಾಯಿತು. 1990ರ ಆಗಸ್ಟ್ 2ರಂದು ಸದ್ದಾಂ ಹುಸೇನನ ಸೇನೆ ನುಗ್ಗಿ ದೇಶವೇ ನಕ್ಷೆಯಿಂದ ಮಾಯವಾದ ಏಳು ತಿಂಗಳು ದೇಶಭ್ರಷ್ಟ ಸರ್ಕಾರವನ್ನೂ, ಹೊರಗೆ ಸಿಕ್ಕಿಕೊಂಡ ಪ್ರಜೆಗಳನ್ನೂ ಸಾಕಿದ್ದು ಈ ಹಣವೇ. ಏಳುನೂರಕ್ಕೂ ಹೆಚ್ಚು ಬಾವಿಗಳಿಗೆ ಇರಾಕಿಗಳು ಬೆಂಕಿಯಿಟ್ಟು ಹೋದ ಮೇಲೆ ಪುನರ್ನಿರ್ಮಾಣಕ್ಕೆ ಒದಗಿದ್ದೂ ಇದೇ.

ದಿನನಿತ್ಯದ ಖರ್ಚಿಗೆ ಇರುವುದು ಇನ್ನೊಂದು ಕಿಸೆ, ಸಾಮಾನ್ಯ ಮೀಸಲು ನಿಧಿ. 2014ರ ನಂತರ ತೈಲದ ಬೆಲೆ ಕುಸಿದು ಕೊರತೆ ಮರುಕಳಿಸತೊಡಗಿದಾಗ ಆ ಕಿಸೆ ಬರಿದಾಗುತ್ತ ಬಂತು. ಸಾಲ ಎತ್ತಲು ಅನುಮತಿ ನೀಡುವ ಕಾನೂನು 2017ರಲ್ಲಿ ಅವಧಿ ಮುಗಿದು ಬಿದ್ದುಹೋಗಿತ್ತು. ಹೊಸದಕ್ಕೆ ಸಂಸತ್ತು ಒಪ್ಪಲಿಲ್ಲ. ‘ಮೊದಲು ಸೋರಿಕೆ ನಿಲ್ಲಿಸಿ, ಆಮೇಲೆ ಸಾಲ ಕೇಳಿ’ ಎಂಬುದು ಸದಸ್ಯರ ನಿಲುವು. ಹೀಗಾಗಿ 2020ರಲ್ಲಿ, ಕೋವಿಡ್ ಕಾಲದಲ್ಲಿ, ಜಗತ್ತಿನ ಅತಿ ಶ್ರೀಮಂತ ನಿಧಿಗಳಲ್ಲೊಂದರ ಒಡೆತನದ ದೇಶ ಸಂಬಳ ಕೊಡಲು ಪರದಾಡುವ ವಿಚಿತ್ರ ಸ್ಥಿತಿ ಬಂತು. ಮುಂದಿನ ಪೀಳಿಗೆಗಳ ನಿಧಿಗೆ ಹೋಗಬೇಕಿದ್ದ ಶೇ 10ರ ಪಾಲನ್ನು ಉಳಿತಾಯವಿದ್ದ ವರ್ಷ ಮಾತ್ರ ಕೊಟ್ಟರೆ ಸಾಕು ಎಂದು ನಿಯಮವನ್ನೇ ಸಡಿಲಿಸಲಾಯಿತು. ನಾಲ್ಕು ದಶಕಗಳ ಶಿಸ್ತೊಂದು ಹೀಗೆ ಹೆಚ್ಚು ಸದ್ದಿಲ್ಲದೆ ಮುರಿಯಿತು. ಇದಕ್ಕೆ ಸಂಸತ್ತೂ ಸರ್ಕಾರವೂ ಸಮನಾಗಿ ಒಪ್ಪಿಗೆ ಕೊಟ್ಟಿದ್ದವು ಎಂಬುದನ್ನು ಗಮನಿಸಬೇಕು.

2020ರಿಂದ 2024ರ ನಡುವಿನ ರಾಜಕೀಯವನ್ನು ಹಿಂಬಾಲಿಸುವುದೇ ಕಷ್ಟ. 2020ರ ಡಿಸೆಂಬರ್, 2022ರ ಸೆಪ್ಟೆಂಬರ್, 2023ರ ಜೂನ್, 2024ರ ಏಪ್ರಿಲ್: ನಾಲ್ಕು ವರ್ಷ ತುಂಬುವುದರೊಳಗೆ ನಾಲ್ಕು ಚುನಾವಣೆ. ನಡುವೆ 2023ರ ಮಾರ್ಚಿನಲ್ಲಿ ಸಂವಿಧಾನ ನ್ಯಾಯಾಲಯವು 2022ರ ಚುನಾವಣೆಯನ್ನೇ ರದ್ದು ಮಾಡಿ, ವಿಸರ್ಜಿತವಾಗಿದ್ದ ಹಳೆಯ ಸಂಸತ್ತಿಗೆ ಮತ್ತೆ ಜೀವ ಕೊಟ್ಟಿತು. 2023ರ ಡಿಸೆಂಬರಿನಲ್ಲಿ ಅಮೀರ್ ನವಾಫ್ ತೀರಿಕೊಂಡು, ಎಂಬತ್ತು ದಾಟಿದ ಮಿಶಾಲ್ ಗಾದಿಗೆ ಬಂದರು. ರಾಷ್ಟ್ರೀಯ ರಕ್ಷಣಾ ದಳದಲ್ಲಿ ದೀರ್ಘಕಾಲ ಇದ್ದ ಅವರು ಪ್ರಮಾಣವಚನದ ಭಾಷಣದಲ್ಲಿಯೇ ಸರ್ಕಾರ ಮತ್ತು ಸಂಸತ್ತು ಎರಡನ್ನೂ ತರಾಟೆಗೆ ತೆಗೆದುಕೊಂಡಿದ್ದರು. ಏಪ್ರಿಲ್ ಚುನಾವಣೆಯಲ್ಲಿ ಮತ್ತೆ ವಿರೋಧಿಗಳದೇ ಮೇಲುಗೈಯಾಯಿತು. ಹೊಸ ಸದನ ಸಭೆ ಸೇರುವ ಮೊದಲೇ ಅದಕ್ಕೆ ಬೀಗ ಬಿತ್ತು. ಜೂನ್ 1ರಂದು ಶೇಖ್ ಸಬಾಹ್ ಖಾಲಿದ್ ಯುವರಾಜರಾಗಿ ನೇಮಕಗೊಂಡರು; ಯುವರಾಜನ ಆಯ್ಕೆಗೆ ಸಂಸತ್ತಿನ ಒಪ್ಪಿಗೆ ಬೇಕೆಂದು ಸಂವಿಧಾನ ಹೇಳುತ್ತದೆ, ಕೇಳಲು ಸಂಸತ್ತೇ ಇರಲಿಲ್ಲ. ಬಹುಶಃ ವಿಸರ್ಜನೆಯ ಸಮಯಕ್ಕೆ ಇದೂ ಒಂದು ಕಾರಣವಿರಬೇಕು ಎಂದು ನನಗನಿಸುತ್ತದೆ.

ಆಜ್ಞೆಗಳ ಮೂಲಕ ನಡೆಯುವ ಆಳ್ವಿಕೆ ವೇಗವಾಗಿದೆ ಎಂಬುದರಲ್ಲಿ ಅನುಮಾನವಿಲ್ಲ. ದೊಡ್ಡ ಬಹುರಾಷ್ಟ್ರೀಯ ಕಂಪನಿಗಳ ಮೇಲೆ ಶೇ 15ರ ಕನಿಷ್ಠ ತೆರಿಗೆ 2025ರ ಜನವರಿ 1ರಿಂದ ಜಾರಿಗೆ ಬಂತು. ಎಂಟು ವರ್ಷ ನೆನೆಗುದಿಗೆ ಬಿದ್ದಿದ್ದ ಸಾಲದ ಕಾನೂನು ಅದೇ ಮಾರ್ಚಿನಲ್ಲಿ ಬಂತು: 3,000 ಕೋಟಿ ದಿನಾರ್‌ಗಳವರೆಗೆ, ಐವತ್ತು ವರ್ಷಗಳವರೆಗಿನ ಅವಧಿಗೆ ಸಾಲ ಮಾಡಬಹುದು. ಆ ವರ್ಷವೇ ಅಂತರರಾಷ್ಟ್ರೀಯ ಮಾರುಕಟ್ಟೆಯಲ್ಲಿ 1,125 ಕೋಟಿ ಡಾಲರ್‌ಗಳ ಬಾಂಡ್ ಮಾರಾಟವಾಗಿ, ಹೂಡಿಕೆದಾರರು ಮುಗಿಬಿದ್ದು ಕೊಂಡರು. ಅವರಿಗೇನು ಭಯ? ಬೆನ್ನಿಗೆ ನಿಧಿಯಿದೆ. ಆದರೆ 2025-26ರ ಬಜೆಟ್ ನೋಡಿದರೆ ಬದಲಾಗಿರುವುದು ಎಷ್ಟು ಅಲ್ಪ ಎಂಬುದು ಗೊತ್ತಾಗುತ್ತದೆ. ಅಂದಾಜು ಆದಾಯ 1,820 ಕೋಟಿ ದಿನಾರ್, ವೆಚ್ಚ 2,450 ಕೋಟಿ, ಕೊರತೆ 630 ಕೋಟಿ. ಲೆಕ್ಕ ಸರಿದೂಗಬೇಕಾದರೆ ತೈಲ ಬ್ಯಾರೆಲ್‌ಗೆ ಸುಮಾರು 90 ಡಾಲರ್ ಇರಬೇಕು. ಬಜೆಟ್ ಊಹಿಸಿದ್ದೇ 68. ಸಂಸತ್ತು ಇಲ್ಲದ ಸರ್ಕಾರವೂ ಸಂಬಳ ಮತ್ತು ಸಹಾಯಧನದ ಗಂಟಿಗೆ ಕೈ ಹಚ್ಚಿಲ್ಲ, ಸಾಲ ಮಾಡಿ ಹೊತ್ತು ನೂಕುವ ದಾರಿಯನ್ನು ತೆರೆದುಕೊಂಡಿದೆ ಅಷ್ಟೆ. ಕೈ ಹಚ್ಚದಿರಲು ಸಂಸತ್ತು ಕಾರಣವಾಗಿದ್ದರೆ ಈಗ ಆ ನೆಪವಿಲ್ಲ.

ಕೈ ಹಚ್ಚಿರುವುದು ಬೇರೊಂದಕ್ಕೆ: ಪಾಲುದಾರರ ಪಟ್ಟಿಗೆ. 2024ರಿಂದ ಹತ್ತಾರು ಸಾವಿರ ಜನರ ಪೌರತ್ವವನ್ನು ಕುವೈತ್ ಹಿಂತೆಗೆದುಕೊಂಡಿದೆ. ಸುಮಾರು ಐವತ್ತು ಲಕ್ಷ ನಿವಾಸಿಗಳಲ್ಲಿ ಪ್ರಜೆಗಳು ಹದಿನೈದು ಲಕ್ಷದಷ್ಟಿರುವ ದೇಶದಲ್ಲಿ ಇದು ಸಣ್ಣ ಸಂಖ್ಯೆಯಲ್ಲ. ಸುಳ್ಳು ದಾಖಲೆ ಕೊಟ್ಟವರು, ಎರಡು ದೇಶಗಳ ಪೌರತ್ವ ಇಟ್ಟುಕೊಂಡವರು ಎಂಬ ಕಾರಣಗಳ ಜೊತೆಗೆ, ಅತಿ ಹೆಚ್ಚು ಪೆಟ್ಟು ಬಿದ್ದಿರುವುದು ಕುವೈತಿ ಗಂಡಸರನ್ನು ಮದುವೆಯಾಗಿ ಪೌರತ್ವ ಪಡೆದ ವಿದೇಶಿ ಮೂಲದ ಹೆಂಗಸರ ಮೇಲೆ. ಕುವೈತಿಗಳಾಗುವಾಗ ಇವರು ತಮ್ಮ ಮೂಲ ಪೌರತ್ವವನ್ನು ಬಿಟ್ಟುಕೊಟ್ಟವರು. ದಶಕಗಳ ನಂತರ ಒಂದು ದಿನ ಸರ್ಕಾರಿ ಗೆಜೆಟ್ಟಿನಲ್ಲಿ ತಮ್ಮ ಹೆಸರು ಕಂಡರೆ ಅವರು ಯಾವ ದೇಶಕ್ಕೂ ಸೇರದವರಾಗುತ್ತಾರೆ. ಸಂಬಳ, ಪಿಂಚಣಿಯಂಥ ಸೌಲಭ್ಯಗಳು ಮುಂದುವರಿಯುತ್ತವೆಂದು ಸರ್ಕಾರ ಹೇಳಿದೆಯಾದರೂ ಪೌರತ್ವ ಅಷ್ಟಕ್ಕೇ ಸೀಮಿತವಾದದ್ದಲ್ಲ. ಪೌರತ್ವದ ವಿಷಯ ಸಾರ್ವಭೌಮ ನಿರ್ಧಾರವೆನಿಸಿಕೊಳ್ಳುವುದರಿಂದ ನ್ಯಾಯಾಲಯದ ಬಾಗಿಲೂ ಅವರಿಗೆ ತೆರೆಯುವುದಿಲ್ಲ. ದೇಶದಲ್ಲಿ ಈಗಾಗಲೇ ಸುಮಾರು ಒಂದು ಲಕ್ಷ ಬಿದೂನರು, ಅಂದರೆ ಪೀಳಿಗೆಗಳಿಂದ ಅಲ್ಲಿಯೇ ಇದ್ದೂ ಪೌರತ್ವವಿಲ್ಲದವರು, ಇದ್ದಾರೆ. ಈ ಕ್ರಮವನ್ನು ಸದನದಲ್ಲಿ ನಿಂತು ಪ್ರಶ್ನಿಸುವ ಒಬ್ಬ ಸದಸ್ಯ ಇದ್ದಿದ್ದರೆ ಇದು ಇಷ್ಟು ದೂರ ಹೋಗುತ್ತಿತ್ತೇ ಎಂಬುದನ್ನು ಯೋಚಿಸಬೇಕು. ಇನ್ನೊಂದು ಮಾತನ್ನೂ ಹೇಳಿಬಿಡಬೇಕು: ಬಹಳಷ್ಟು ಹಳೆಯ ನಗರವಾಸಿ ಕುಟುಂಬಗಳಿಗೆ, ನಡುವೆ ಬಂದು ಸೇರಿದವರ ಸಂಖ್ಯೆ ಕಡಿಮೆಯಾಗುವುದು ಒಳಗೊಳಗೇ ಒಪ್ಪಿಗೆಯ ವಿಷಯ.

ಪಟ್ಟಿಯಲ್ಲಿ ಎಂದೂ ಇಲ್ಲದವರು ವಿದೇಶಿ ಕೆಲಸಗಾರರು. ಅವರ ಪೈಕಿ ಹತ್ತು ಲಕ್ಷದಷ್ಟಿರುವ ಭಾರತೀಯರದೇ ಅತಿದೊಡ್ಡ ಸಮುದಾಯ; ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳ ಎಷ್ಟೋ ಮನೆಗಳು ಕುವೈತಿನ ದಿನಾರಿನಲ್ಲಿ ಎದ್ದಿವೆ. 1990ರಲ್ಲಿ ಸುಮಾರು 1.7 ಲಕ್ಷ ಭಾರತೀಯರು, ಅಮ್ಮಾನ್ ಮೂಲಕ ಏರ್ ಇಂಡಿಯಾದ ಐನೂರರ ಹತ್ತಿರದ ಹಾರಾಟಗಳಲ್ಲಿ, ಕೈಗೆ ಸಿಕ್ಕ ಚೀಲ ಹಿಡಿದು ಮರಳಿದ್ದು ಕರಾವಳಿಯ ಹಿರಿಯರಿಗೆ ಇನ್ನೂ ನೆನಪಿದೆ. ಇವರ ದೃಷ್ಟಿಯಿಂದ ಸಂಸತ್ತಿನ ಅಮಾನತು ನಷ್ಟವೇ? ಅಷ್ಟು ಸರಳವಾಗಿ ಹೇಳಲಾಗದು. 2020ರಲ್ಲಿ ಭಾರತೀಯರ ಸಂಖ್ಯೆ ಜನಸಂಖ್ಯೆಯ ಶೇ 15 ಮೀರಬಾರದು ಎಂಬ ಮಸೂದೆಯ ಕರಡು ಮುಂದಿಟ್ಟದ್ದು ಚುನಾಯಿತ ಸದಸ್ಯರೇ. ಮತ ಹಾಕದವನ ಮೇಲೆ ಹರಿಹಾಯುವುದು ಮತ ಗಳಿಸುವ ಸುಲಭ ದಾರಿ. ಸಂಸತ್ತು ಹೋದ ಮೇಲೂ ಅವರ ಸ್ಥಿತಿ ಸುಧಾರಿಸಿಲ್ಲ: 2024ರ ಜೂನ್ 12ರಂದು ಮಂಗಫ್‌ನ ಕಾರ್ಮಿಕ ವಸತಿಗೆ ಬೆಂಕಿ ಬಿದ್ದು ಸತ್ತ ಐವತ್ತು ಜನರಲ್ಲಿ 45 ಮಂದಿ ಭಾರತೀಯರು. 2025ರ ಜುಲೈ 1ರಿಂದ ಖಾಸಗಿ ವಲಯದ ವಿದೇಶಿ ನೌಕರರು ದೇಶ ಬಿಟ್ಟು ಹೊರಡಲು ಮಾಲೀಕರ ಒಪ್ಪಿಗೆಯ ಪರವಾನಗಿ ಪಡೆಯಬೇಕಾಗಿದೆ, ರಜೆಯ ಮೇಲೆ ಊರಿಗೆ ಬರುವುದಕ್ಕೂ. 2024ರ ಡಿಸೆಂಬರಿನಲ್ಲಿ ಪ್ರಧಾನಿ ಮೋದಿಯವರು ಭೇಟಿ ಕೊಟ್ಟದ್ದು 1981ರಲ್ಲಿ ಇಂದಿರಾ ಗಾಂಧಿಯವರು ಹೋಗಿಬಂದ ನಂತರ ಭಾರತದ ಪ್ರಧಾನಿಯೊಬ್ಬರ ಮೊದಲ ಭೇಟಿ. ಸಂಬಂಧ ಕಾರ್ಯತಂತ್ರದ ಪಾಲುದಾರಿಕೆಯ ಮಟ್ಟಕ್ಕೆ ಏರಿತು, ಆ ಬಳಿಕವೂ ನಿರ್ಗಮನ ಪರವಾನಗಿಯ ನಿಯಮ ಬಂತು.

ವಿದೇಶಾಂಗ ನೀತಿಯಲ್ಲಿ ಕುವೈತ್ ತನ್ನ ಭೂಗೋಳವನ್ನು ಎಂದೂ ಮರೆತಿಲ್ಲ. ಉತ್ತರಕ್ಕೆ ಇರಾಕ್, ದಕ್ಷಿಣಕ್ಕೆ ಸೌದಿ ಅರೇಬಿಯಾ, ಕೊಲ್ಲಿಯ ಆಚೆ ಇರಾನ್. 1961ರಲ್ಲಿಯೇ ಅರಬ್ ಆರ್ಥಿಕಾಭಿವೃದ್ಧಿಗೆ ಕುವೈತ್ ನಿಧಿಯನ್ನು ಸ್ಥಾಪಿಸಿ ಬಡ ದೇಶಗಳಿಗೆ ಸಾಲ ಕೊಡತೊಡಗಿದ್ದರ ಹಿಂದೆ ಔದಾರ್ಯದಷ್ಟೇ ಲೆಕ್ಕಾಚಾರವೂ ಇತ್ತು: ವಿಶ್ವಸಂಸ್ಥೆಯಲ್ಲಿ ತನ್ನ ಪರ ಕೈ ಎತ್ತುವವರು ಬೇಕು. ಇರಾಕಿನ ಹಿಡಿತದಿಂದ ವಿಮೋಚನೆಯಾದ ನಂತರ ಅಮೆರಿಕದ ಸೇನೆ ಅಲ್ಲಿಯೇ ನೆಲೆಯೂರಿತು; ಅರಿಫ್‌ಜಾನ್ ಶಿಬಿರ, ಅಲಿ ಅಲ್-ಸಾಲಿಂ ವಾಯುನೆಲೆ ಆ ಒಪ್ಪಂದದ ಗುರುತುಗಳು. ಅಮೆರಿಕದ ನೆರಳಿನಲ್ಲಿದ್ದೂ ಟೆಹ್ರಾನ್ ಜೊತೆ ಮಾತು ಬಿಡದಿರುವುದು, 2017ರಲ್ಲಿ ಕತಾರನ್ನು ನೆರೆಯವರು ದಿಗ್ಬಂಧಿಸಿದಾಗ ಯಾರ ಪಕ್ಷವನ್ನೂ ವಹಿಸದೆ 2021ರ ಅಲ್-ಉಲಾ ರಾಜಿಯವರೆಗೆ ನಡುವೆ ಓಡಾಡಿದ್ದು, ಇಸ್ರೇಲ್ ಜೊತೆ ಸಂಬಂಧ ಬೆಳೆಸಲು ಒಪ್ಪದಿರುವುದು, ಇವೆಲ್ಲ ಕುವೈತಿನ ನಡೆಯ ವೈಶಿಷ್ಟ್ಯ. ಇಸ್ರೇಲ್ ವಿಷಯದಲ್ಲಿ ಸಂಸತ್ತಿನ ಮತ್ತು ಬೀದಿಯ ದನಿಗೆ ದೊಡ್ಡ ಪಾತ್ರವಿತ್ತು.

ಹಳೆಯ ಗಾಯಗಳು ಪೂರ್ತಿ ಮಾಗಿಲ್ಲ. ಇರಾಕ್ ಯುದ್ಧಪರಿಹಾರದ 5,240 ಕೋಟಿ ಡಾಲರ್‌ಗಳನ್ನು 2022ರ ಆರಂಭದ ಹೊತ್ತಿಗೆ ತೀರಿಸಿತು. ಆದರೆ ಎರಡು ದೇಶಗಳ ನಡುವಿನ ಖೋರ್ ಅಬ್ದುಲ್ಲಾ ಜಲಮಾರ್ಗದ ಕುರಿತ 2012ರ ಒಪ್ಪಂದಕ್ಕೆ ನೀಡಿದ್ದ ಅನುಮೋದನೆ ಅಸಾಂವಿಧಾನಿಕವೆಂದು ಇರಾಕಿನ ಸರ್ವೋಚ್ಚ ನ್ಯಾಯಾಲಯ 2023ರ ಸೆಪ್ಟೆಂಬರಿನಲ್ಲಿ ತೀರ್ಪಿತ್ತದ್ದು ಕುವೈತಿಗಳನ್ನು ಬೆಚ್ಚಿಬೀಳಿಸಿತು. ಬುಬಿಯಾನ್ ದ್ವೀಪದಲ್ಲಿ ಅವರು ಕಟ್ಟುತ್ತಿರುವ ಮುಬಾರಕ್ ಅಲ್-ಕಬೀರ್ ಬಂದರು ಇದೇ ಜಲಮಾರ್ಗದ ಮೇಲಿದೆ; ಅದೇ ತಿಂಗಳು ಆಗಿನ ಯುವರಾಜ ಮಿಶಾಲ್ ಚೀನಾಕ್ಕೆ ಹೋಗಿ ಮಾಡಿಕೊಂಡ ತಿಳಿವಳಿಕೆಯ ಒಪ್ಪಂದಗಳಲ್ಲಿ ಆ ಬಂದರೂ ಸೇರಿತ್ತು. ಸೌದಿ ಜೊತೆ ಸೇರಿ ದುರ್ರಾ ಅನಿಲಕ್ಷೇತ್ರವನ್ನು ಅಭಿವೃದ್ಧಿಪಡಿಸಲು 2022ರಲ್ಲಿ ಒಪ್ಪಂದವಾದರೆ, ಅದರಲ್ಲಿ ತನಗೂ ಪಾಲಿದೆ ಎಂದು ಇರಾನ್ ತಕರಾರು ತೆಗೆಯಿತು. ವಿದ್ಯುತ್ ಸ್ಥಾವರಗಳಿಗೆ ಅನಿಲವನ್ನು ಆಮದು ಮಾಡಿಕೊಳ್ಳುವ ಕುವೈತಿಗೆ ದುರ್ರಾ ಪ್ರತಿಷ್ಠೆಯ ಪ್ರಶ್ನೆಯಷ್ಟೇ ಅಲ್ಲ, ಅಗತ್ಯದ ಪ್ರಶ್ನೆ.

ಸಂಸತ್ತನ್ನು ಹೀಗೆ ಸಂವಿಧಾನದ ಹೊರಗೆ ಮುಚ್ಚಿದ್ದು ಇದು ಮೂರನೆಯ ಸಲ. 1976ರಲ್ಲಿ ಮುಚ್ಚಿದ್ದು 1981ರಲ್ಲಿ ತೆರೆಯಿತು, 1986ರಲ್ಲಿ ಮುಚ್ಚಿದ್ದು 1992ರಲ್ಲಿ. ಎರಡು ಸಲವೂ ಅದನ್ನು ಮರಳಿ ತಂದದ್ದರ ಹಿಂದೆ ಹೊರಗಿನ ಆಪತ್ತಿತ್ತು. ಮೊದಲ ಸಲ ಇರಾನಿನ ಕ್ರಾಂತಿ ಮತ್ತು ಇರಾಕ್-ಇರಾನ್ ಯುದ್ಧ ಬಾಗಿಲಿಗೆ ಬಂದಾಗ ಆಳುವವರಿಗೆ ಪ್ರಜೆಗಳ ಬೆಂಬಲದ ಮುದ್ರೆ ಬೇಕಾಯಿತು. ಎರಡನೆಯ ಸಲ, ದೇಶವೇ ಕೈತಪ್ಪಿದ್ದ 1990ರ ಅಕ್ಟೋಬರಿನಲ್ಲಿ, ಜಿದ್ದಾದಲ್ಲಿ ಸೇರಿದ್ದ ಗಣ್ಯರಿಗೆ ಆಳುವ ಮನೆತನ 1962ರ ಸಂವಿಧಾನವನ್ನು ಮರಳಿಸುವ ಮಾತು ಕೊಡಬೇಕಾಯಿತು. ಮಧ್ಯೆ ಸಂವಿಧಾನವನ್ನೇ ತಿದ್ದಿ ಸದನದ ಹಲ್ಲು ಕೀಳುವ ಪ್ರಯತ್ನ ನಡೆದಾಗ, 1981ರಲ್ಲಿ ಆರಿಸಿ ಬಂದ ಸದಸ್ಯರು ಅದಕ್ಕೆ ಒಪ್ಪಲಿಲ್ಲ. ಈ ಸಲದ ನಾಲ್ಕು ವರ್ಷ 2028ರ ಮೇ ತಿಂಗಳಿಗೆ ಮುಗಿಯುತ್ತದೆ. ಅಷ್ಟರೊಳಗೆ ಬೇರೆ ರೂಪದ, ಪಳಗಿದ ಸದನವೊಂದು ಬರಬಹುದು, ಅಥವಾ ಅವಧಿಯೇ ಲಂಬಿಸಬಹುದು. ಆಪತ್ತು ಹೊರಗಿನಿಂದಲೇ ಬರಬೇಕೆಂದಿಲ್ಲ ಎಂಬುದು ನನ್ನ ಎಣಿಕೆ. ಇದುವರೆಗಿನ ಆಜ್ಞೆಗಳು ಬಹುರಾಷ್ಟ್ರೀಯ ಕಂಪನಿಗಳ, ವಿದೇಶಿ ಕೆಲಸಗಾರರ, ಪೌರತ್ವ ಕಳೆದುಕೊಂಡವರ ಮೇಲೆ ಬಿದ್ದಿವೆ. ಕೊಲ್ಲಿಯ ದೇಶಗಳು 2016ರಲ್ಲಿ ಒಪ್ಪಿಕೊಂಡ ಮೌಲ್ಯವರ್ಧಿತ ತೆರಿಗೆಯನ್ನು ಕುವೈತಿ ಪ್ರಜೆಯ ಮೇಲೆ ಹೇರುವ, ಅಥವಾ 1966ರ ವಿದ್ಯುತ್ ದರವನ್ನು ಅವನ ಮನೆಗೆ ಏರಿಸುವ ದಿನ ಬಂದಾಗ, ತನ್ನ ಹಣಕ್ಕೆ ಲೆಕ್ಕ ಕೇಳುವ ಜಾಗ ಎಲ್ಲಿ ಎಂದು ಅವನು ದಿವಾನಿಯಾದಲ್ಲಿ ಕೇಳದಿರಲಾರ. 1938ರಲ್ಲಿ ಸುಂಕ ಕೊಡುತ್ತಿದ್ದ ವ್ಯಾಪಾರಿಗಳು ಕೇಳಿದ್ದು ಅದನ್ನೇ.